ಹೆಗಡೆ, ಹೆಗ್ಡೆ, ಹೆಗ್ಗಡೆ: ಯಾರಿಗೆ ಯಾರು ಸಂಬಂಧ?

ಹೆಗಡೆ ಅಂದಕೂಡಲೇ ‘ಶಿರಸಿ ಕಡೆಯವರಾ?’ ಅಂತ ಕೇಳುವವರೇ ಹೆಚ್ಚು. ಅರ್ಧ ಸರಿ. ಉತ್ತರ ಕನ್ನಡದ ಹವ್ಯಕರು ಸಾಮಾನ್ಯವಾಗಿ ಹೆಗಡೆ ಅಂತ ಬರೆದುಕೊಳ್ಳುತ್ತಾರೆ, ಕಾರ್ಕಳ-ಉಡುಪಿ ಕಡೆಯ ಬಂಟರು ಹೆಗ್ಡೆ. ಧರ್ಮಸ್ಥಳದ ಜೈನ ಮನೆತನದ್ದು ಹೆಗ್ಗಡೆ. ಹಳಗನ್ನಡದಲ್ಲಿ ಪೆರ್ಗಡೆ ಅಂದರೆ ಆಡಳಿತ ನೋಡುವ ಅಧಿಕಾರಿ. ಹುದ್ದೆಯ ಹೆಸರಾದ್ದರಿಂದ ಯಾವ ಜಾತಿಯವರಿಗಾದರೂ ಅಂಟಿಕೊಂಡೀತು. ಅಡ್ಡಹೆಸರು ಒಂದೇ ಅಂತ ನೆಂಟಸ್ತಿಕೆ ಕಟ್ಟಲು ಹೋಗಬಾರದು.

ಧರ್ಮಸ್ಥಳದಲ್ಲಂತೂ ಅದು ಇಂದಿಗೂ ಪಟ್ಟದ ಹೆಸರೇ. 1968ರ ಅಕ್ಟೋಬರ್ 24ರಂದು ಪಟ್ಟಕ್ಕೆ ಬಂದ ಮೇಲೆ ವೀರೇಂದ್ರ ಕುಮಾರ್ ಅವರು ವೀರೇಂದ್ರ ಹೆಗ್ಗಡೆಯಾದರು. ತಮ್ಮಂದಿರು ಸುರೇಂದ್ರ ಕುಮಾರ್, ಹರ್ಷೇಂದ್ರ ಕುಮಾರ್ ಆಗಿಯೇ ಉಳಿದರು. ಅಡ್ಡಹೆಸರು ಹಿಡಿದು ವಂಶವೃಕ್ಷ ಬರೆಯಲು ಕೂತರೆ ಇಲ್ಲಿ ಒಡಹುಟ್ಟಿದವರೇ ಬಿಟ್ಟುಹೋಗುತ್ತಾರೆ.

ಹಾಗಾದರೆ ಏನು ನೋಡಬೇಕು? ಮೊದಲು ಇನಿಷಿಯಲ್. ಆದರೆ ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕೆ.ಎಸ್. ಹೆಗ್ಡೆಯವರ ‘ಕೆ’ ಕೌಡೂರು. 1973ರಲ್ಲಿ ತಮ್ಮನ್ನು ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು, 1977ರಲ್ಲಿ ಲೋಕಸಭೆಯ ಸ್ಪೀಕರ್ ಆದವರು. ಮಗ, ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ ‘ಎನ್’ ನಿಟ್ಟೆ. ತಂದೆಗೊಂದು ಊರು, ಮಗನಿಗೊಂದು ಊರು! ಅಕ್ಷರ ಹೊಂದುವುದಿಲ್ಲ ಅಂತ ಸಂಬಂಧವೇ ಇಲ್ಲ ಎನ್ನಲಾಗದು.

ಯಕ್ಷಗಾನದವರ ವಿಷಯ ಸುಲಭ, ಮುಂದಿನ ಹೆಸರೇ ವಿಳಾಸ. ಕೆರೆಮನೆ ಶಿವರಾಮ ಹೆಗಡೆ 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು; ಮಗ ಶಂಭು ಹೆಗಡೆ ಅದನ್ನು ಮುನ್ನಡೆಸಿದರು; ಮಹಾಬಲ ಹೆಗಡೆಯವರೂ ಅದೇ ಮನೆತನ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆ ಹೊನ್ನಾವರ ಸೀಮೆಯವರೇ ಆದರೂ ಅವರನ್ನು ಕೆರೆಮನೆಗೆ ಸೇರಿಸಬೇಡಿ.

ಹುಡುಕುವಾಗ ಕೆಡುವುದು ಹೆಚ್ಚಾಗಿ ಇಂಗ್ಲಿಷ್ ಸ್ಪೆಲಿಂಗಿನಿಂದ. ಅಲ್ಲಿ ಹೆಗಡೆಗೂ ಹೆಗ್ಡೆಗೂ ಒಂದೇ ಐದಕ್ಷರ. ಅದನ್ನು ಮರಳಿ ಕನ್ನಡಕ್ಕೆ ತಂದವರು ಸಿದ್ದಾಪುರ ದೊಡ್ಮನೆಯ ರಾಮಕೃಷ್ಣ ಹೆಗಡೆಯವರನ್ನೂ ‘ಹೆಗ್ಡೆ’ ಮಾಡಿಬಿಡುತ್ತಾರೆ. 1983ರಿಂದ 88ರವರೆಗೆ ಮುಖ್ಯಮಂತ್ರಿಯಾಗಿದ್ದವರ ಹೆಸರಿಗೇ ಈ ಗತಿ! ಆದ್ದರಿಂದ ಮೂರೂ ರೂಪ ಹಾಕಿ ಹುಡುಕಿ, ಊರಿನ ಹೆಸರನ್ನೂ ಜೊತೆಗೆ ಸೇರಿಸಿ. ಕುಮಟಾ ತಾಲೂಕಿನಲ್ಲಿ ಹೆಗಡೆ ಅಂತ ಒಂದು ಊರೇ ಇದೆ, ಪಟ್ಟಿಯಲ್ಲಿ ಅದೂ ನುಗ್ಗುತ್ತದೆ.