ವಹಾಕದ ಸಂತೆಯಲ್ಲಿ 'ಪ್ರೊವೆಚೊ'

ಮೆಕ್ಸಿಕೊದ ವಹಾಕಕ್ಕೆ ಹೋದವರೆಲ್ಲ ಮೊದಲು ಮೊಂತೆ ಅಲ್ಬಾನ್ ನೋಡುತ್ತಾರೆ. ನಾವೂ ನೋಡಿದೆವು. ಬೆಟ್ಟದ ನೆತ್ತಿಯ ಮೇಲೆ ಸಪೊತೆಕ್ ಅನ್ನುವ ಮೂಲನಿವಾಸಿಗಳು ಕಟ್ಟಿದ ಹಳೇ ಪಟ್ಟಣ, 1987ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಆದರೆ ನನ್ನ ಮನಸ್ಸು ಇನ್ನೂ ಊರೊಳಗಿನ ಸಂತೆಯ ಊಟದ ಬೆಂಚಿನಲ್ಲೇ ಇದೆ.

'ವೆಯಿಂತೆ ದೆ ನೊವಿಯೆಂಬ್ರೆ' ಅಂತ ಆ ಮಾರುಕಟ್ಟೆಯ ಹೆಸರು. ಒಂದು ಓಣಿಯ ತುಂಬ ಕೆಂಡದ ಮೇಲೆ ಮಾಂಸ ಸುಡುವ ಹೊಗೆ. ಅದನ್ನು ದಾಟಿದರೆ ಸಾಲಾಗಿ ಊಟದ ಅಂಗಡಿಗಳು. ನಾನು ಮೆಮೆಲ ಹೇಳಿದೆ. ಮೆಕ್ಕೆಜೋಳದ ದಪ್ಪ ರೊಟ್ಟಿ, ಮೇಲೆ ಅರೆದ ಕಪ್ಪು ಬೀನ್ಸ್ ಕಾಳು, ಚೀಸು. ಬಹಳ ರುಚಿ! ಮಾಂಸ ತಿನ್ನದವರು ಮೊದಲೇ 'ಸಿನ್ ಅಸಿಯೆಂತೊ' ಅನ್ನಬೇಕು, ಇಲ್ಲದಿದ್ದರೆ ರೊಟ್ಟಿಗೆ ಹಂದಿ ಕೊಬ್ಬು ಸವರಿಬಿಡುತ್ತಾರೆ.

ತುತ್ತು ಬಾಯಿಗಿಡುವಷ್ಟರಲ್ಲಿ, ಪಕ್ಕದಲ್ಲಿ ಊಟ ಮುಗಿಸಿ ಎದ್ದ ಮುದುಕರು 'ಪ್ರೊವೆಚೊ' ಅಂದು ಹೋದರು. ಆಮೇಲೆ ಮಗು ಎತ್ತಿಕೊಂಡ ಹೆಂಗಸು. ಆಮೇಲೆ ಮೂಟೆ ಹೊತ್ತ ಒಬ್ಬ ಹುಡುಗ, ಅದೂ ಓಡುತ್ತಲೇ. ಫೋನಿನಲ್ಲಿ ನೋಡಿದರೆ ಇಂಗ್ಲಿಷಿನಲ್ಲಿ 'ಎಂಜಾಯ್ ಯುವರ್ ಮೀಲ್' ಅಂತ ಬಂತು. ಅದು ದೊಡ್ಡ ಹೋಟೆಲಿನ ಸರ್ವರ್ ಹೇಳುವ ಮಾತು. ಇಲ್ಲಿ ಕೇಳಿದ್ದು ಬೇರೆ: ಉಂಡದ್ದು ಮೈಗೆ ಹತ್ತಲಿ ಅನ್ನುವ ಹಾರೈಕೆ.

ರೊಟ್ಟಿ ತಟ್ಟುತ್ತಿದ್ದ ಅಮ್ಮನನ್ನೇ ಕೇಳಿದೆ. ತರಗತಿಯಲ್ಲಿ ಕಲಿತ ಸ್ಪ್ಯಾನಿಷ್ ಅಷ್ಟಕ್ಕೆ ಸಾಕಾಯಿತು.

"ಗುರುತಿಲ್ಲದವರೂ ಹೇಳ್ತಾರಲ್ಲ ಅಮ್ಮ?"

"ಉಣ್ಣೋರ ಮುಂದೆ ಸುಮ್ನೆ ಹೋಗೋಕಾಗುತ್ತಾ ಮಗಳೇ?"

"ನಾನ್ಯಾರು ಅಂತಾನೇ ಅವರಿಗೆ ಗೊತ್ತಿಲ್ಲ."

"ಉಣ್ತಾ ಇದೀಯ ಅಂತ ಗೊತ್ತಲ್ಲ!"

ಹೇಗೆ ಉತ್ತರ ಕೊಡಬೇಕು ಅಂತಲೂ ಹೇಳಿಕೊಟ್ಟರು. ಎದ್ದು ಹೋಗುವವರಿಗೆ 'ಗ್ರಾಸಿಯಾಸ್' ಸಾಕು. ಹೇಳಿದವರೂ ಉಣ್ಣುತ್ತಿದ್ದರೆ ಜೊತೆಗೆ 'ಇಗ್ವಾಲ್ಮೆಂತೆ', ಅಂದರೆ ನಿಮಗೂ ಹಾಗೇ ಆಗಲಿ. ನಿಮ್ಮ ಕಡೆ ಏನಂತಾರೆ ಅಂತ ಕೇಳಿದರು. 'ಊಟ ಆಯ್ತಾ' ಅಂತ ವಿಚಾರಿಸುತ್ತಾರೆ ಅಂದೆ.

"ಆಗಿಲ್ಲ ಅಂದ್ರೆ?"

"ಬನ್ನಿ ಊಟ ಮಾಡಿ ಅಂತಾರೆ."

ಅಮ್ಮನಿಗೆ ಅದು ತುಂಬ ಹಿಡಿಸಿತು. ಪಕ್ಕದ ಅಂಗಡಿಯವಳನ್ನು ಕೂಗಿ ಹೇಳಿದರು. ಅವಳು ಅವಳ ಗಿರಾಕಿಗೆ ಹೇಳಿದಳು. ಅಲ್ಲಿಂದ ಏಳುವಾಗ ನಾನು ಇಡೀ ಬೆಂಚಿಗೆ ಕೇಳುವ ಹಾಗೆ 'ಪ್ರೊವೆಚೊ' ಅಂದೆ. ಅಷ್ಟೂ ಜನ ತಲೆಯೆತ್ತಿ 'ಗ್ರಾಸಿಯಾಸ್' ಅಂದರು.

ಇನ್ನೊಂದು ಮಾತಿನ ಮೇಲೆ ಮಾತ್ರ ನನಗೆ ಇನ್ನೂ ಸಿಟ್ಟಿದೆ. ಯೆರ್ವೆ ಎಲ್ ಆಗ್ವಾದಲ್ಲಿ ಖನಿಜದ ನೀರು ಹರಿದು ಹರಿದು ಜಲಪಾತದ ಹಾಗೇ ಕಲ್ಲಾಗಿ ನಿಂತಿದೆ. ಅಲ್ಲಿಗೆ ಹೋಗಲು ಮಿತ್ಲಾ ಅನ್ನುವ ಊರಲ್ಲಿ ಪಿಕಪ್ ಗಾಡಿ ಹತ್ತಿದೆವು. ಯಾವಾಗ ಹೊರಡುತ್ತೆ ಅಂದರೆ ಡ್ರೈವರ್ ನಗುನಗುತ್ತಾ 'ಅಓರಿತಾ' ಅಂದ. ಫೋನಿನ ಪ್ರಕಾರ 'ರೈಟ್ ನೌ'. ಮೆಕ್ಸಿಕೊದಲ್ಲಿ ಅದು ಈಗಲೂ ಆಗಬಹುದು, ಸಂಜೆಯೂ ಆಗಬಹುದು. ಬಿಸಿಲಲ್ಲಿ ಕೂತು ಕೂತು ತಲೆನೋವು ಬಂತು. ಗಾಡಿ ತುಂಬದೆ ಹೊರಡಲ್ಲ ಅಂತ ನೇರವಾಗಿ ಹೇಳಬಹುದಿತ್ತು, ಅಲ್ವಾ?

ನೀವು ಹೋದರೆ 'ಇನ್ನೂ ಎಷ್ಟು ಜನ ಬೇಕು' ಅಂತ ಕೇಳಿ. ಜಾಸ್ತಿ ಜನ ಬೇಕು ಅಂದರೆ ಕಾಯಬೇಡಿ. ಮಿತ್ಲಾದ ಹಳೇ ಅರಮನೆ ಗೋಡೆಗಳ ಮೇಲೆ ಚಿಕ್ಕ ಚಿಕ್ಕ ಕಲ್ಲುಗಳನ್ನು ಜೋಡಿಸಿ ಮಾಡಿದ ಚಿತ್ತಾರ ಇದೆ. ಅಲ್ಲಿಗೆ ನಡೆದುಕೊಂಡೇ ಹೋಗಿ ನೋಡಿ ಬರಬಹುದು.