ಆಗುಂಬೆಯ ಕಪ್ಪೆ ನಡಿಗೆ: ದುಡ್ಡು ಕಟ್ಟುವ ಮುಂಚೆ ಎಷ್ಟು ಜನ ಅಂತ ಕೇಳಿ

ಜುಲೈ ಮಳೆಯಲ್ಲಿ ಕಪ್ಪೆ ನೋಡಲು ಆಗುಂಬೆಗೆ ಹೋಗುತ್ತೇವೆ ಅಂದಾಗ ಮಾವ ನಕ್ಕರು. "ನಮ್ಮ ಮೋರಿಯಲ್ಲೇ ಇದಾವಲ್ಲ!"

ಎರಡು ರಾತ್ರಿಯ ಶಿಬಿರಕ್ಕೆ ತಲೆಗೆ 5,500 ರೂಪಾಯಿ. ಜಾಹೀರಾತಿನಲ್ಲಿ "ಚಿಕ್ಕ ಗುಂಪು, ದಟ್ಟ ಕಾಡು" ಎಂದಿತ್ತು. ಹೋಗಿ ನೋಡಿದರೆ 31 ಜನ, ಒಬ್ಬರೇ ಗೈಡ್. ರಾತ್ರಿ ಹೊತ್ತು ಅಭಯಾರಣ್ಯದೊಳಗೆ ಯಾರನ್ನೂ ಬಿಡುವುದಿಲ್ಲ. ಹಾಗಾಗಿ ನಾವು ನಡೆದದ್ದು ಅಡಿಕೆ ತೋಟದ ಅಂಚಿನಲ್ಲಿ, ರಸ್ತೆ ಬದಿಯ ಚರಂಡಿ ಪಕ್ಕ. ಅದರ ಬಗ್ಗೆ ನನಗೆ ಬೇಜಾರಿಲ್ಲ, ಕಪ್ಪೆಗೆ ಬೇಕಾದ್ದು ನೀರು ಮತ್ತು ಎಲೆ, ಅಷ್ಟೇ. ಬೇಜಾರಾದದ್ದು ಆ ಮೆರವಣಿಗೆಗೆ. 31 ಟಾರ್ಚು, ಒಬ್ಬರ ಫೋನಿನಲ್ಲಿ ಹಾಡು. ಮದುವೆ ದಿಬ್ಬಣ ಬಂದ ಹಾಗಿದ್ದರೆ ಯಾವ ಕಪ್ಪೆ ಬಾಯಿ ಬಿಡುತ್ತದೆ? ಹಿಂದಿನ ಸಾಲಿನಲ್ಲಿದ್ದ ನಾನು ಕಂಡದ್ದು ಮುಂದಿನವರ ರೇನ್‌ಕೋಟು ಮಾತ್ರ.

ಎರಡನೇ ರಾತ್ರಿ ಮಳೆ ಜೋರಾಯಿತು. ಬಹಳ ಜನ ಕಾರ್ಡ್ಸ್ ಆಡುತ್ತಾ ಒಳಗೇ ಉಳಿದರು. ಏಳು ಜನ ಹೊರಟೆವು. ಅದೇ ಗೈಡು, ಆದರೆ ಬೇರೆಯೇ ಮನುಷ್ಯ ಅನ್ನಿಸಿತು. ಟಾರ್ಚ್ ಆರಿಸಿ ಸುಮ್ನೆ ನಿಲ್ಲಿ ಎಂದರು. ಮೊದಲು ಬರೀ ಮಳೆ ಸದ್ದು. ಹತ್ತು ನಿಮಿಷ ಕಳೆದ ಮೇಲೆ ಅದರೊಳಗಿಂದ ಟಿಣ್, ಟಿಣ್ ಅಂತ ಒಂದು ದನಿ ಬೇರೆಯಾಯಿತು. ನಮ್ಮಲ್ಲಿ ಇಬ್ಬರನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ, ದನಿ ಬಂದ ಕಡೆಗೆ ಕೈ ಚಾಚಲು ಹೇಳಿದರು. ಎರಡು ಕೈಗಳ ನೇರ ಎಲ್ಲಿ ಸೇರುತ್ತದೋ ಅಲ್ಲಿ ಹುಡುಕಿ! ಏಲಕ್ಕಿ ಎಲೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಕಪ್ಪೆ, ಗಂಟಲು ಗುಳ್ಳೆಯಂತೆ ಊದಿಕೊಂಡಿತ್ತು. ಈ ಪೊದೆಗಪ್ಪೆಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ.

ಮುಂದೆ ನೀರಿನ ತೊಟ್ಟಿಯ ಮೇಲೆ ಬಾಗಿದ ಕೊಂಬೆಯಲ್ಲಿ ನೊರೆಯ ಉಂಡೆ ಇತ್ತು. ಅದು ಮಲಬಾರ್ ಹಾರುವ ಕಪ್ಪೆಯ ಗೂಡು. ಗೊದಮೊಟ್ಟೆಗಳು ನೊರೆಯೊಳಗೆ ಬೆಳೆದು ಕೆಳಗಿನ ನೀರಿಗೆ ಉದುರುತ್ತವೆ. ನಾವು ನೋಡಿದ ಆ ಕಪ್ಪೆಗೆ ಹಸಿರು ಮೈ, ಕಾಲ್ಬೆರಳುಗಳ ನಡುವೆ ಕೆಂಪು ಜಾಲಪೊರೆ.

ಸೊಳ್ಳೆ ಕ್ರೀಮ್ ಹಚ್ಚಿಕೊಂಡು ಬಂದವರನ್ನು ಗೈಡ್ ವಾಪಸ್ ಕಳಿಸಿ ಕೈ ತೊಳೆಸಿದರು. ಕಪ್ಪೆ ಚರ್ಮದಿಂದಲೇ ನೀರು ಹೀರುತ್ತದೆ, ಉಸಿರನ್ನೂ ಆಡುತ್ತದೆ. ಉಂಬಳಕ್ಕೆ ಅಂತ ಉಪ್ಪು ಚೆಲ್ಲುವುದೂ ಬೇಡ ಎಂದರು. ಮೊಣಕಾಲಿನವರೆಗೆ ಬರುವ ಉಂಬಳದ ಕಾಲುಚೀಲ ಒಯ್ಯಿರಿ, ಅಷ್ಟು ಸಾಕು. ಪ್ಲಾಸ್ಟಿಕ್ ರೇನ್‌ಕೋಟು ಬರಬರ ಸದ್ದು ಮಾಡಿ ಕೇಳಬೇಕಾದ್ದನ್ನೆಲ್ಲ ಮುಚ್ಚುತ್ತದೆ. ನಾನು ಕೊನೆಗೆ ಅದನ್ನು ತೆಗೆದು ನೆನೆದೇ ನಡೆದೆ. ಕಾಳಿಂಗ ಸರ್ಪ ತೋರಿಸುತ್ತೇವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕೋಣೆಯ ಬಗ್ಗೆ ಏನು ಹೇಳಲಿ, ರಗ್ಗು ಹಿಂಡಿದರೆ ನೀರು ಬರುವಂತಿತ್ತು. ಒಂದು ಒಣ ಹೊದಿಕೆ ನೀವೇ ಒಯ್ಯಿರಿ. ತೀರ್ಥಹಳ್ಳಿಯಿಂದ ಆಗುಂಬೆಗೆ ಮೂವತ್ತು ಕಿಲೋಮೀಟರ್ ಚಿಲ್ಲರೆ. ನಮ್ಮ ಬಸ್ಸಿನ ಕಿಟಕಿ ಪೂರ್ತಿ ಮುಚ್ಚುತ್ತಿರಲಿಲ್ಲ, ಎಡತೊಡೆ ಒದ್ದೆಯಾಗಿಯೇ ಇಳಿದೆ. ಉಡುಪಿ ಕಡೆಯಿಂದ ಬರುವವರು ಹೆಬ್ರಿ, ಸೋಮೇಶ್ವರ ದಾಟಿ 14 ತಿರುವಿನ ಘಾಟಿ ಹತ್ತಬೇಕು. ಜೋರು ಮಳೆಯಲ್ಲಿ ಘಾಟಿ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ.

ದುಡ್ಡು ಕೊಟ್ಟದ್ದಕ್ಕೆ ಬೇಜಾರಾಗದ ಒಂದೇ ಜಾಗ ಬಸ್ ನಿಲ್ದಾಣದ ಹತ್ತಿರದ ಹೋಟೆಲ್. ಮೂರೇ ಬೆಂಚು, ಬೋರ್ಡೂ ಇಲ್ಲ. ಒಳಗೆ ಅಮ್ಮ, ಹೊರಗೆ ಮಗ. ಮಳೆಗಾಲದ ಪತ್ರೊಡೆ, ಕೆಸುವಿನ ಎಲೆಗೆ ಹುಳಿ ಹಿಟ್ಟು ಬಳಿದು ಸುತ್ತಿ ಬೇಯಿಸಿ, ಮೇಲೆ ತೆಂಗಿನೆಣ್ಣೆ. ನಾಲಿಗೆ ಕೆರೆಯಲಿಲ್ಲ, ಅದು ದೊಡ್ಡ ವಿಷಯ ಅಲ್ವಾ? ಜೊತೆಗೆ ಬಿಸಿ ನೀರುದೋಸೆ, ಕಳಲೆ ಪಲ್ಯ, ಕೊನೆಗೆ ಜೀರಿಗೆ ಕಷಾಯ. ಇಬ್ಬರಿಗೆ 140 ರೂಪಾಯಿ. ಶಿಬಿರದ ಬಫೆ ಬಿಟ್ಟು ಮರುದಿನವೂ ಅಲ್ಲಿಗೇ ಓಡಿದೆವು. ಎಂಟೂವರೆಗೆ ಹೋದಾಗ ಪತ್ರೊಡೆ ಖಾಲಿ. ಏಳೂವರೆಗೇ ಹೋಗಿ ಕೂತುಬಿಡಿ.