ಹಳೇ ತ್ರೀ ಫೇಸ್ ಸ್ಟಾರ್ಟರಿಗೆ ಸಿಂಗಲ್ ಫೇಸ್ ಮೋಟಾರ್ ಹಾಕುವ ಮುಂಚೆ

ನಾನು ಪಂಪು, ಪ್ಯಾನಲ್ ಕೆಲಸ ಮಾಡುವವನು. ಹಳ್ಳಿಗಳ ಕಡೆ ಹೋದಾಗ ಪದೇ ಪದೇ ಕಿವಿಗೆ ಬೀಳುವ ಮಾತು ಇದು: "ಅಣ್ಣ, ಬೋರ್ ಬತ್ತಿಹೋಯ್ತು. ಅದರ 5 ಎಚ್‌ಪಿ ಸ್ಟಾರ್ಟರ್ ಸುಮ್ನೆ ಗೋಡೆ ಮೇಲೆ ಕೂತಿದೆ. ಮನೆ ಸಂಪಿನ ಮೋಟಾರಿಗೆ ಅದನ್ನೇ ಹಾಕಿಕೊಡಿ."

ಕೇಳುವುದರಲ್ಲಿ ತಪ್ಪಿಲ್ಲ. ತೋಟದ ಲೈನಿಗೆ ತ್ರೀ ಫೇಸ್ ಬರುವುದು ದಿನಕ್ಕೆ ಕೆಲವು ಗಂಟೆ ಮಾತ್ರ. ಮನೆಯ ಸಿಂಗಲ್ ಫೇಸ್ ಉಳಿದ ಹೊತ್ತಿನಲ್ಲೂ ಇರುತ್ತದೆ. ಹಳೇ ಸ್ಟಾರ್ಟರನ್ನು ಬಳಸಲೂ ಬಹುದು. ಆದರೆ ಫೇಸ್ ಒಂದು ಕಡೆ, ನ್ಯೂಟ್ರಲ್ ಇನ್ನೊಂದು ಕಡೆ ಸಿಕ್ಕಿಸಿ ಬಂದುಬಿಟ್ಟರೆ ಆಗುವ ಕೆಲಸ ಅಲ್ಲ ಇದು.

ಮೊದಲು ಎಚ್‌ಪಿ ಲೆಕ್ಕ ಬಿಡಬೇಕು. "5 ಎಚ್‌ಪಿ ಸ್ಟಾರ್ಟರ್ ಅಲ್ವಾ, 2 ಎಚ್‌ಪಿ ಮೋಟಾರಿಗೆ ಧಾರಾಳ ಸಾಕು" ಅನ್ನುತ್ತಾರೆ. ಸ್ಟಾರ್ಟರಿಗೆ ಗೊತ್ತಾಗುವುದು ಆಂಪ್ಸ್ ಮಾತ್ರ. 415 ವೋಲ್ಟಿನ 5 ಎಚ್‌ಪಿ ತ್ರೀ ಫೇಸ್ ಮಾನೋಬ್ಲಾಕ್ (ಪಂಪು, ಮೋಟಾರ್ ಒಂದೇ ಆಗಿರುವ ಸೆಟ್) ಒಂದೊಂದು ಫೇಸಿನಲ್ಲಿ ಎಳೆಯುವುದು ಸುಮಾರು 7.5 ಆಂಪ್ಸ್. 230 ವೋಲ್ಟಿನ 1.5 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ 9 ಆಂಪ್ಸ್ ಆಸುಪಾಸಿಗೆ ಬಂದುಬಿಡುತ್ತದೆ. ಅಂದರೆ ಸಣ್ಣ ಮೋಟಾರೇ ಜಾಸ್ತಿ ಕರೆಂಟ್ ಎಳೆಯುತ್ತಿದೆ! 5 ಎಚ್‌ಪಿ ಸ್ಟಾರ್ಟರಿನಲ್ಲಿ 9 ಆಂಪ್ಸ್ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ, ಕಡಿಯುವ ಸ್ವಿಚ್) ಇದ್ದರೆ 1.5 ಎಚ್‌ಪಿ ಅಂಚಿಗೇ ಬಂತು. 2 ಎಚ್‌ಪಿಗೆ ನಾನು ಅದನ್ನು ಹಾಕುವುದಿಲ್ಲ, ಯಾರು ಎಷ್ಟೇ ಒತ್ತಾಯ ಮಾಡಲಿ. ಜಾಸ್ತಿ ಕರೆಂಟಿಗೆ ಅದರ ಕಾಂಟ್ಯಾಕ್ಟ್ ಅಂಟಿಕೊಂಡರೆ ಸ್ಟಾಪ್ ಬಟನ್ ಒತ್ತಿದರೂ ಮೋಟಾರ್ ನಿಲ್ಲುವುದಿಲ್ಲ.

ಆಮೇಲೆ ಕಾಯಿಲ್, ಅಂದರೆ ಕಾಂಟ್ಯಾಕ್ಟರನ್ನು ಎಳೆದು ಕೂರಿಸುವ ಸುರುಳಿ. ಹಳೇ ಸ್ಟಾರ್ಟರುಗಳಲ್ಲಿ ಸಾಮಾನ್ಯವಾಗಿ ಎರಡು ಫೇಸಿನ ನಡುವೆ ಕೂತ 415 ವೋಲ್ಟಿನ ಕಾಯಿಲ್ ಇರುತ್ತದೆ. ಅದಕ್ಕೆ 230 ಕೊಟ್ಟರೆ ಗುಂಯ್ ಅನ್ನುತ್ತದೆ, ಪಟಪಟ ಬಡಿಯುತ್ತದೆ, ಗಟ್ಟಿಯಾಗಿ ಎಳೆಯುವುದಿಲ್ಲ. ಬರೆದಿರುವ ವೋಲ್ಟೇಜಿನ ನೂರಕ್ಕೆ 85ರಷ್ಟಾದರೂ ಸಿಗಬೇಕು. ಹಾಗೇ ಬಿಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ. ಆ ಕಾಂಟ್ಯಾಕ್ಟರಿಗೆ ಸರಿಹೊಂದುವ 230 ವೋಲ್ಟಿನ ಕಾಯಿಲ್ ಹಾಕಿ, ಮುಗಿಯಿತು.

ನಿಜವಾದ ವಿಷಯ ಇರುವುದು ಓವರ್‌ಲೋಡ್ ರಿಲೇಯಲ್ಲಿ. ಕರೆಂಟ್ ಮಿತಿ ಮೀರಿದರೆ ಮೋಟಾರನ್ನು ನಿಲ್ಲಿಸುವುದು ಇದೇ. ಅದರೊಳಗೆ ಒಂದೊಂದು ಫೇಸಿಗೆ ಒಂದರಂತೆ ಮೂರು ಬೈಮೆಟಲ್ ಪಟ್ಟಿಗಳಿವೆ. ಕರೆಂಟ್ ಹರಿದಾಗ ಬಿಸಿಯಾಗಿ ಬಾಗುತ್ತವೆ. ಮೂರೂ ಒಟ್ಟಿಗೆ ಬಾಗಿದರೆ ಅದಕ್ಕೊಂದು ಲೆಕ್ಕ. ಎರಡು ಬಾಗಿ ಒಂದು ತಣ್ಣಗೆ ನೆಟ್ಟಗೆ ನಿಂತರೆ, ಒಂದು ಫೇಸ್ ಹೋಗಿದೆ ಎಂದು ತಿಳಿದು ರಿಲೇ ಬೇಗ ಟ್ರಿಪ್ ಮಾಡುತ್ತದೆ. ಈಗ ಬಳಕೆಯಲ್ಲಿರುವ ಬಹುತೇಕ ರಿಲೇಗಳಲ್ಲಿ ಈ ಏರ್ಪಾಡು ಇದೆ. ತ್ರೀ ಫೇಸ್ ಮೋಟಾರನ್ನು ಉಳಿಸುವುದೇ ಇದು.

ಇದನ್ನು ಮರೆತು, ಫೇಸ್ ಒಂದು ಪೋಲಿಗೆ (ಸ್ಟಾರ್ಟರಿನ ಮೂರು ದಾರಿಗಳಲ್ಲಿ ಒಂದಕ್ಕೆ), ನ್ಯೂಟ್ರಲ್ ಇನ್ನೊಂದಕ್ಕೆ ಕೊಟ್ಟು ಮಧ್ಯದ್ದನ್ನು ಖಾಲಿ ಬಿಟ್ಟರೆ ಏನಾಗುತ್ತದೆ? ಮೋಟಾರ್ ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡುತ್ತದೆ, ಆಮೇಲೆ ಟ್ರಿಪ್ ಆಗುತ್ತದೆ. ರಿಸೆಟ್ ಒತ್ತಿದರೆ ಮತ್ತೆ ಓಡುತ್ತದೆ, ಮತ್ತೆ ಟ್ರಿಪ್. ಟಾಂಗ್ ಟೆಸ್ಟರ್ (ವೈರಿನ ಆಂಪ್ಸ್ ಅಳೆಯುವ ಮೀಟರ್) ಹಿಡಿದರೆ ಕರೆಂಟ್ ಸರಿಯಾಗಿಯೇ ಇರುತ್ತದೆ. ಇಂಥ ಒಂದು ಮನೆಗೆ ನಾನು ಹೋಗುವ ಹೊತ್ತಿಗೆ ರಿಲೇಯ ಡಯಲ್ ತುದಿಯವರೆಗೆ ತಿರುಗಿತ್ತು. ಅದಕ್ಕೂ ನಿಲ್ಲದೆ ಟ್ರಿಪ್ ಆದಾಗ ಕಾಯಿಲಿನ ಕರೆಂಟ್ ಕಡಿಯುವ 95, 96 ಟರ್ಮಿನಲ್ಲುಗಳ ನಡುವೆ ತುಂಡು ವೈರ್ ಹಾಕಿ ರಿಲೇಯನ್ನೇ ಡೈರೆಕ್ಟ್ ಮಾಡಿದ್ದರು. ಆಮೇಲೆ ಪಂಪು ಜಾಮ್ ಆದ ದಿನ ತಡೆಯುವವರೇ ಇಲ್ಲ, ವೈಂಡಿಂಗ್ ಕಪ್ಪಾಗಿತ್ತು. ರಿಲೇ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಬೇಕಿದ್ದದ್ದು ಒಂದು ಲೂಪ್ ವೈರ್ ಅಷ್ಟೇ.

ಆ ಲೂಪ್ ಹೀಗೆ. ಮೇನ್ ಆಫ್ ಮಾಡಿ, ಟೆಸ್ಟರಿನಿಂದ ನೋಡಿ ಖಚಿತ ಮಾಡಿಕೊಂಡು ಶುರು ಮಾಡಿ. ಕರೆಂಟ್ ಒಳಗೆ ಬರುವ ಮೇಲಿನ ಟರ್ಮಿನಲ್ಲುಗಳು ಎಲ್ 1, 2, 3; ಮೋಟಾರಿನ ಕಡೆಗೆ ಹೋಗುವ ಕೆಳಗಿನವು ಟಿ 1, 2, 3. ಫೇಸನ್ನು ಎಲ್ 1ಕ್ಕೆ ಕೊಡಿ. ರಿಲೇಯ ಕೆಳಗಿನ ಟಿ 1ರಿಂದ ಒಂದು ವೈರ್ ಮೇಲಕ್ಕೆ ತಂದು ಎಲ್ 2ಕ್ಕೆ ಕಟ್ಟಿ. ಟಿ 2ರಿಂದ ಮೋಟಾರಿನ ಫೇಸ್ ಹೋಗಲಿ. ನ್ಯೂಟ್ರಲ್ ಎಲ್ 3ಕ್ಕೆ ಬಂದು ಟಿ 3ರಿಂದ ಮೋಟಾರಿಗೆ ಹೋಗಲಿ. ಈಗ ಅದೇ ಕರೆಂಟ್ ಮೂರೂ ಪಟ್ಟಿಗಳಲ್ಲಿ ಹರಿಯುತ್ತದೆ. ಲೂಪಿನಲ್ಲಿ ಪೂರ್ತಿ ಲೋಡ್ ಹರಿಯುವುದರಿಂದ ಕಾಯಿಲಿಗೆ ಹೋಗುವ ಸಣ್ಣ ಕಂಟ್ರೋಲ್ ವೈರ್ ಹಾಕಬೇಡಿ, ಮೇನ್ ವೈರಿನಷ್ಟೇ ದಪ್ಪ ಇರಲಿ. ಕಂಟ್ರೋಲ್ ಸಪ್ಲೈ ಎಲ್ 1 ಮತ್ತು ಎಲ್ 3ರಿಂದ ಇದ್ದರೆ ಅದನ್ನು ಮುಟ್ಟುವ ಅಗತ್ಯವೇ ಇಲ್ಲ. ಎಲ್ 2ರಿಂದ ತೆಗೆದಿದ್ದರೆ ಬದಲಾಯಿಸಬೇಕು, ಯಾಕೆಂದರೆ ಕಾಂಟ್ಯಾಕ್ಟರ್ ಕೂರುವವರೆಗೆ ಅಲ್ಲಿಗೆ ಕರೆಂಟೇ ಬರುವುದಿಲ್ಲ. ಸ್ಟಾರ್ಟ್ ಒತ್ತಿದರೂ ಏನೂ ಆಗುವುದಿಲ್ಲ.

ಡಯಲ್ ಮೋಟಾರಿನ ನೇಮ್‌ಪ್ಲೇಟಿನಲ್ಲಿ ಬರೆದಷ್ಟು ಆಂಪ್ಸಿಗೆ ಇರಲಿ. ರಿಲೇಯ ರೇಂಜಿನಲ್ಲಿ ಆ ಸಂಖ್ಯೆ ಇಲ್ಲದಿದ್ದರೆ ರಿಲೇ ಬದಲಿಸಿ. ಸಬ್‌ಮರ್ಸಿಬಲ್ ಆದರೆ ಕೆಪಾಸಿಟರ್ ಡಬ್ಬಿ ರಿಲೇ ಆದಮೇಲೆ ಬರಬೇಕು, ಆಗಲೇ ಮೋಟಾರ್ ಎಳೆಯುವ ಒಟ್ಟು ಕರೆಂಟ್ ರಿಲೇಗೆ ಕಾಣುತ್ತದೆ.

ಹಳೇ ಪ್ಯಾನಲಿನಲ್ಲಿ ಸಿಂಗಲ್ ಫೇಸ್ ಪ್ರಿವೆಂಟರ್ ಇದ್ದರೆ ಅದನ್ನು ಕಂಟ್ರೋಲಿನಿಂದ ತೆಗೆಯಲೇಬೇಕು. ಅದು ಇರುವುದೇ ಇಂಥ ಸಪ್ಲೈನಲ್ಲಿ ಮೋಟಾರ್ ಓಡದಂತೆ ತಡೆಯಲು. ಸ್ಟಾರ್-ಡೆಲ್ಟಾ ಸ್ಟಾರ್ಟರಿನ ಸ್ಟಾರ್, ಡೆಲ್ಟಾ ಜೋಡಣೆಗೆ ಸಿಂಗಲ್ ಫೇಸ್ ಮೋಟಾರಿನಲ್ಲಿ ಅರ್ಥವೇ ಇಲ್ಲ. ಫಾರ್ವರ್ಡ್-ರಿವರ್ಸ್ ಸ್ಟಾರ್ಟರ್ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು. ತ್ರೀ ಫೇಸಿನಲ್ಲಿ ಎರಡು ಫೇಸ್ ಅದಲುಬದಲು ಮಾಡಿದರೆ ಮೋಟಾರ್ ಉಲ್ಟಾ ತಿರುಗುತ್ತದೆ. ಇಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾದರೆ ದಿಕ್ಕು ಬದಲಾಗುವುದಿಲ್ಲ, ಸ್ಟಾರ್ಟಿಂಗ್ ವೈಂಡಿಂಗಿನ ತುದಿಗಳನ್ನು ಬದಲಿಸಬೇಕು. ಸೆಂಟ್ರಿಫ್ಯೂಗಲ್ ಸ್ವಿಚ್ (ವೇಗ ಬಂದಮೇಲೆ ಸ್ಟಾರ್ಟಿಂಗ್ ವೈಂಡಿಂಗನ್ನು ಬಿಡಿಸುವ ಸ್ವಿಚ್) ಇರುವ ಮೋಟಾರ್ ಪೂರ್ತಿ ನಿಲ್ಲುವ ಮೊದಲೇ ರಿವರ್ಸ್ ಒತ್ತಿದರೆ ಅದು ಮುಂಚಿನ ದಿಕ್ಕಿಗೇ ಓಡಬಹುದು. ಭಾರ ಎತ್ತುವ ಕಡೆ ಇದು ಪ್ರಾಣಕ್ಕೇ ಬರುವ ವಿಷಯ.

ಎಲ್ಲ ಆದಮೇಲೆ ಬಾಡಿ ಅರ್ಥಿಂಗ್ ನೋಡಿ. ಪ್ಯಾನಲ್ ಮೇಲೆ "ಸಿಂಗಲ್ ಫೇಸ್ ಮಾತ್ರ, ಲೂಪ್ ಇದೆ" ಎಂದು ದಪ್ಪಕ್ಷರದಲ್ಲಿ ಬರೆದು, ಬಾಗಿಲ ಒಳಗೆ ಹೊಸ ವೈರಿಂಗ್ ಚಿತ್ರ ಅಂಟಿಸಿ. ನಾಳೆ ಬೇರೆ ವೈರ್‌ಮನ್ ಬಂದು, ಸ್ಟಾರ್ಟರ್ ನೋಡಿ ತ್ರೀ ಫೇಸ್ ಅಂದುಕೊಂಡು ಮೂರು ಲೈನ್ ಕೊಟ್ಟರೆ, ಕಾಂಟ್ಯಾಕ್ಟರ್ ಕೂತ ಕೂಡಲೇ ಆ ಲೂಪಿನ ಮೂಲಕ ಎರಡು ಫೇಸ್ ನೇರವಾಗಿ ಶಾರ್ಟ್ ಆಗುತ್ತವೆ. ಆ ಹೊತ್ತಿನಲ್ಲಿ ಅವನ ಬೆರಳು ಸ್ಟಾರ್ಟ್ ಬಟನ್ ಮೇಲೆ ಇರುತ್ತದೆ.